ಹರಿಹರದ ಹಬ್ಬ ಮೊಬೈಲಿನಲ್ಲಿ: ನಾವು ಎಣಿಸಬೇಕಾದ್ದು ಯಾರನ್ನು?

ಸೆಪ್ಟೆಂಬರ್ 8 ಬಂತೆಂದರೆ ಕರಾವಳಿಯ ನಮ್ಮ ಮನೆಗಳಲ್ಲಿ ತೆನೆ ಹಬ್ಬದ ಸಡಗರ. ಪೂಜೆ ಮುಗಿಸಿ, ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಹೊಸ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತೇವೆ. ಅದೇ ದಿನ ಘಟ್ಟದ ಮೇಲೆ, ತುಂಗಭದ್ರೆಯ ದಡದ ಹರಿಹರದಲ್ಲಿ ಆರೋಗ್ಯ ಮಾತೆಯ ವಾರ್ಷಿಕ ಮಹೋತ್ಸವ. ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಈ ಪುಣ್ಯಕ್ಷೇತ್ರಕ್ಕೆ 2019ರಲ್ಲಿ ಬೆಸಿಲಿಕಾ ಗೌರವ ಸಂದಿತು. ಕ್ರೈಸ್ತರು ಮಾತ್ರವಲ್ಲ, ಇತರ ಧರ್ಮಗಳ ಬಾಂಧವರೂ ಹರಕೆ ಹೊತ್ತು ಇಲ್ಲಿಗೆ ಬರುತ್ತಾರೆ.

ಹಿಂದೆ ಈ ಎರಡು ಹಬ್ಬಗಳಲ್ಲಿ ಒಂದನ್ನು ಬಿಡಲೇಬೇಕಿತ್ತು. ಈಗ ಹೊಸ ಅಕ್ಕಿಯ ಊಟ ಮುಗಿಸಿ ಮೊಬೈಲ್ ತೆರೆದರೆ ಹರಿಹರದ ಹಬ್ಬವೂ ಕಣ್ಣ ಮುಂದೆ. ಒಂದು ಕ್ಯಾಮೆರಾ ಇಷ್ಟು ದೂರ, ಇಷ್ಟು ಜನರನ್ನು ತಲುಪುವುದು ಸಾಮಾನ್ಯ ಸಂಗತಿಯಲ್ಲ. ಆದರೆ ತಲುಪಿದ್ದು ಏನು, ಯಾರಿಗೆ ಎಂಬುದನ್ನು ನಾವು ಕೇಳಿಕೊಳ್ಳಬೇಕಾಗಿದೆ.

ಮೊದಲು ಇದು ನಡೆಯುವ ಬಗೆಯನ್ನು ನೋಡೋಣ. ಇಂಟರ್ನೆಟ್ಟಿನ ಆರಂಭದ ದಿನಗಳಲ್ಲಿ ನೇರ ಪ್ರಸಾರ ಮಾಡುವವರು ಪ್ರತಿಯೊಬ್ಬ ವೀಕ್ಷಕನಿಗೂ ತಮ್ಮ ಸರ್ವರ್‌ನಿಂದಲೇ ಚಿತ್ರ ಕಳುಹಿಸಬೇಕಿತ್ತು. ನೋಡುವವರು ಹೆಚ್ಚಿದಂತೆ ಪ್ರಸಾರ ನಿಂತುಬಿಡುತ್ತಿತ್ತು. ಈಗ ಚರ್ಚಿನಿಂದ ಚಿತ್ರ ಒಮ್ಮೆ ಯೂಟ್ಯೂಬ್‌ನಂಥ ಸಂಸ್ಥೆಗೆ ತಲುಪಿದರೆ ಸಾಕು. ಅದನ್ನು ಪ್ರತಿ ಮಾಡಿ, ವೀಕ್ಷಕರಿಗೆ ಹತ್ತಿರವಿರುವ ಸರ್ವರ್‌ಗಳಿಂದ ಹಂಚುವ ಹೊಣೆ ಅವರದು. ನೋಡುವವರು ನೂರಿರಲಿ, ಲಕ್ಷವಿರಲಿ, ಚರ್ಚಿನಿಂದ ಹೊರಡುವ ಹೊರೆ ಅಷ್ಟೇ: ಸೆಕೆಂಡಿಗೆ ನಾಲ್ಕೈದು ಮೆಗಾಬಿಟ್. ಇದರ ಜೊತೆಗೆ 2016ರ ನಂತರ ನಮ್ಮ ದೇಶದಲ್ಲಿ ಮೊಬೈಲ್ ಡೇಟಾ ಅಗ್ಗವಾಯಿತು. 2020ರ ಮಾರ್ಚ್‌ನಲ್ಲಿ ಕೊರೋನಾ ಲಾಕ್‌ಡೌನ್ ಬಂದಾಗ ಕ್ಯಾಮೆರಾ ಚರ್ಚಿನ ಅಗತ್ಯವೇ ಆಯಿತು. ಆ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ಮಳೆಯಲ್ಲಿ ನೆನೆದ ಬರಿದಾದ ಸಂತ ಪೇತ್ರರ ಚೌಕದಲ್ಲಿ ಪ್ರಾರ್ಥಿಸಿದ್ದನ್ನು ಜಗತ್ತೇ ನೋಡಿತು.

ಬಾಗಿಲುಗಳು ತೆರೆದವು. ಕ್ಯಾಮೆರಾಗಳು ಮಾತ್ರ ಉಳಿದುಕೊಂಡವು. ಅವುಗಳ ಜೊತೆಗೆ ಒಂದು ಹೊಸ ಅಭ್ಯಾಸವೂ ಉಳಿಯಿತು: ಪರದೆಯ ಕೆಳಗಿನ ಅಂಕೆಯನ್ನು ನೋಡುವುದು. ಇಷ್ಟು ಸಾವಿರ ಮಂದಿ ಭಾಗವಹಿಸಿದರು ಎಂದು ಬರೆದು ಸಂತೋಷಪಟ್ಟವರಲ್ಲಿ ನಾವೂ ಇದ್ದೇವೆ. ಆದರೆ ಆ ಅಂಕೆ ಜನರ ಲೆಕ್ಕವಲ್ಲ. ಒಬ್ಬರೇ ಮೂರು ಬಾರಿ ತೆರೆದರೆ ಅದು ಹೆಚ್ಚುತ್ತದೆ. ಒಂದೇ ಟಿ.ವಿ.ಯ ಮುಂದೆ ಐವರು ಕುಳಿತರೆ ಹೆಚ್ಚುವುದಿಲ್ಲ. ಮೂರು ಸೆಕೆಂಡು ನೋಡಿದರೂ ಒಂದು ವೀಕ್ಷಣೆ ಎಂದು ಫೇಸ್‌ಬುಕ್ ಬಹುಕಾಲ ಎಣಿಸಿತ್ತು. ಮೂರು ಸೆಕೆಂಡಿನಲ್ಲಿ ಶಿಲುಬೆಯ ಗುರುತು ಹಾಕಿ ಮುಗಿಸುವುದೂ ಕಷ್ಟ!

ಜಗತ್ತಿನ ಮೊದಲ ವೆಬ್‌ಕ್ಯಾಮ್ ತೋರಿಸಿದ್ದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಒಂದು ಕಾಫಿ ಪಾತ್ರೆಯನ್ನು. 1993ರಲ್ಲಿ ಅದು ವೆಬ್ ಸೇರಿತು, 2001ರಲ್ಲಿ ನಿಂತಿತು. ಅಷ್ಟರಲ್ಲಿ ಲಕ್ಷಾಂತರ ಮಂದಿ ಅದನ್ನು ನೋಡಿದ್ದರು. ಕಾಫಿ ಕುಡಿದವರು ಮಾತ್ರ ಆ ಕಟ್ಟಡದೊಳಗೆ ಇದ್ದವರೇ.

ಧರ್ಮಸಭೆ ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಗುರುತಿಸಿದೆ. ಸಿನಿಮಾ, ರೇಡಿಯೋ, ಟಿ.ವಿ. ಕುರಿತು 12ನೇ ಪಿಯುಸ್ ಜಗದ್ಗುರುಗಳು ವಿಶ್ವಪತ್ರ ಹೊರಡಿಸಿದ್ದು 1957ರ ಸೆಪ್ಟೆಂಬರ್ 8ರಂದು. ಮುಂದಿನ ವರ್ಷ ಅಸ್ಸಿಸಿಯ ಸಂತ ಕ್ಲಾರಾಳನ್ನು ಟಿ.ವಿ.ಯ ಪಾಲಕಿಯೆಂದು ಘೋಷಿಸಲಾಯಿತು. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಆಕೆಗೆ ಕ್ರಿಸ್ಮಸ್ ರಾತ್ರಿಯ ಪೂಜೆ ಮಲಗಿದ್ದಲ್ಲಿಂದಲೇ ಕಂಡಿತೆಂಬುದು ಪರಂಪರೆಯ ಮಾತು. ಪರದೆಯ ಮೇಲಿನ ಆರಾಧನೆಯು ಪರಮಪ್ರಸಾದದಲ್ಲಿನ ಕ್ರಿಸ್ತನ ಸಾಕ್ಷಾತ್ ಸಾನ್ನಿಧ್ಯಕ್ಕೆ ಬದಲಿಯಾಗದು ಎಂಬುದನ್ನು ಧರ್ಮಸಭೆ ಮತ್ತು ಇಂಟರ್ನೆಟ್ ಕುರಿತ 2002ರ ವ್ಯಾಟಿಕನ್ ದಾಖಲೆ ಸ್ಪಷ್ಟಪಡಿಸಿದೆ. ಬರಲಾಗದ ರೋಗಿಗೆ ಭಾನುವಾರದ ಪೂಜೆಯ ಕಡ್ಡಾಯವಿಲ್ಲ. ಆತನಿಗೆ ಪ್ರಸಾರವು ಸಾಂತ್ವನ. ಬರಬಲ್ಲವನಿಗೆ ಅದು ನೆಪವಾಗಬಾರದು.

ಈಗ ದಾವಣಗೆರೆಗೆ ಬರೋಣ. ಹರಿಹರದಿಂದ ಅಲ್ಲಿಗೆ ಸುಮಾರು 14 ಕಿಲೋಮೀಟರ್. ಸುತ್ತಲಿನ ಜಿಲ್ಲೆಗಳ ರೋಗಿಗಳು ಚಿಕಿತ್ಸೆಗೆ ಬರುವ, ದೊಡ್ಡ ಆಸ್ಪತ್ರೆಗಳಿರುವ ನಗರವದು. ಗಟ್ಟಿಯಿದ್ದವರಿಗೆ ಈ 14 ಕಿಲೋಮೀಟರ್ ಬೆಳಗಿನ ನಡಿಗೆ. ಆಸ್ಪತ್ರೆಯ ಮಂಚದ ಮೇಲಿರುವವರಿಗೆ ಅದು ದಾಟಲಾಗದ ದೂರ. ಆರೋಗ್ಯ ಮಾತೆಯ ಹಬ್ಬ ಅವರದಲ್ಲದೆ ಮತ್ತಾರದು? ದಿಂಬಿಗೆ ಒರಗಿಸಿದ ಮೊಬೈಲಿನಲ್ಲಿ ಪೂಜೆ ನೋಡುವ ಆ ಒಬ್ಬರಿಗಾಗಿಯೇ ಕ್ಯಾಮೆರಾ ಇಡುವುದು ಸಾರ್ಥಕ. ಸಾವಿರದ ಅಂಕೆಯಲ್ಲಿ ಅವರು ಕೇವಲ ಒಂದು.

ಇಲ್ಲೇ ನಮ್ಮ ಆತಂಕವೂ ಇದೆ. ಹಾಸಿಗೆ ಹಿಡಿದ ಅಜ್ಜಿಯ ಮಾತು ಬಂದಾಗ "ಆನ್‌ಲೈನಿನಲ್ಲಿ ಪೂಜೆ ನೋಡುತ್ತಾರಲ್ಲ" ಎಂಬ ಉತ್ತರ ಸುಲಭವಾಗಿ ಬಾಯಿಗೆ ಬರುತ್ತದೆ. ಹೀಗಾದರೆ ಪ್ರಸಾರವು ಗುರುಗಳ ಭೇಟಿಯ ಜಾಗ ಹಿಡಿಯುತ್ತದೆ. ದೂರವನ್ನು ಕಡಿಮೆ ಮಾಡಲು ತಂದ ಸಾಧನವೇ ದೂರಕ್ಕೆ ಕಾರಣವಾಗುತ್ತದೆ.

ಆದ್ದರಿಂದ ಧರ್ಮಕೇಂದ್ರಗಳ ಪಾಲನಾ ಮಂಡಳಿ ಮತ್ತು ಯುವಕ ಬಳಗಗಳಿಗೆ ನಮ್ಮ ಕೆಲವು ವಿನಂತಿಗಳಿವೆ. ಪ್ರಸಾರದ ಆರಂಭದಲ್ಲಿ, ಮನೆಗೆ ಪರಮಪ್ರಸಾದ ಬೇಕಾದವರು ತಿಳಿಸುವಂತೆ ಧರ್ಮಕೇಂದ್ರದ ಫೋನ್ ಸಂಖ್ಯೆ ತೋರಿಸಿರಿ. ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಮನೆಯಿಂದಲೇ ಪೂಜೆ ನೋಡುವ ರೋಗಿಗಳ ಪಟ್ಟಿ ಮಾಡಿ ಗುರುಗಳಿಗೆ ಕೊಡಲಿ. ಹಬ್ಬದ ಜನಜಂಗುಳಿಯಲ್ಲಿ ಮೊಬೈಲ್ ಟವರಿನ ಮೇಲೆ ಒತ್ತಡ ಬೀಳುವುದರಿಂದ ತಂತಿಯ ಬ್ರಾಡ್‌ಬ್ಯಾಂಡ್ ಬಳಸಿರಿ. ಧ್ವನಿಯನ್ನು ಮಿಕ್ಸರಿನಿಂದ ನೇರವಾಗಿ ಪಡೆಯಿರಿ. ರೋಗಿಗೆ ಚಿತ್ರ ಮಸುಕಾದರೂ ನಡೆದೀತು, ದೇವರ ವಾಕ್ಯ ಕೇಳಬೇಕು. ಹರಕೆ ಹೊತ್ತು ಅಳುವವರ ಮುಖಕ್ಕೆ ಕ್ಯಾಮೆರಾ ತಿರುಗಿಸಬೇಡಿರಿ. ಅವರು ಬಂದದ್ದು ಮಾತೆಗೆ ಹೇಳಿಕೊಳ್ಳಲು, ಜಗತ್ತಿಗಲ್ಲ.

ಕೊನೆಗೆ ಮತ್ತೆ ತೆನೆಯ ಮಾತು. ಗಲ್ಫಿನಲ್ಲಿರುವ ಮಗನಿಗೆ ನಮ್ಮ ತಾಯಂದಿರು ತೆನೆಯ ಫೋಟೋ ಕಳುಹಿಸಿ ಸುಮ್ಮನಾಗುವುದಿಲ್ಲ. ಆಶೀರ್ವದಿಸಿದ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು, ಹೋಗುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಾರೆ. ಫೋಟೋ ನೋಡಿದ ಮಗನಿಗೆ ಹೊಸ ಅಕ್ಕಿಯ ರುಚಿಯೂ ಸಿಗಬೇಕೆಂಬುದು ಅವರ ಆಸೆ. ಪರದೆಯಲ್ಲಿ ಪೂಜೆ ನೋಡಿದವರ ಮನೆಗೆ ಪ್ರಭುವಿನ ಪ್ರಸಾದವನ್ನು ತಲುಪಿಸುವ ಅದೇ ಕಾಳಜಿಯನ್ನು ಆರೋಗ್ಯ ಮಾತೆ ನಮಗೆಲ್ಲ ಕಲಿಸಲಿ.