ಸೊಂಟನೋವಿನ ಸೋಗು

ಮಲ್ಲಟದ ಸುತ್ತಿನ ಊರುಗಳಲ್ಲಿ ಸೊಂಟ ಹಿಡಿಯುವುದು ಹೊಸ ಸಂಗತಿಯಲ್ಲ. ನೆಲ್ಲಿನ ಮೂಟೆ ಎತ್ತಿದವನಿಗೂ ದಿನವಿಡೀ ಬಗ್ಗಿ ಸಸಿ ನೆಟ್ಟವಳಿಗೂ ಅದು ಪರಿಚಿತವೇ. ಉಳುಕೆಂದು ಎಣ್ಣೆ ತಿಕ್ಕಿಸುವುದು, ಅದಕ್ಕೂ ಬಗ್ಗದಿದ್ದರೆ ‘ಡಿಸ್ಕ್ ಜಾರಿದೆ’ ಎಂದು ತಾವೇ ತೀರ್ಪಿತ್ತು ಮಲಗುವುದು ರೂಢಿ. ಬಹುಪಾಲು ಇದರಿಂದ ಕೇಡೇನೂ ಆಗುವುದಿಲ್ಲ.

ಆದರೆ ಹೃದಯದ ಕವಾಟ ಬದಲಾಯಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ನಿತ್ಯವೂ ಗುಳಿಗೆ ನುಂಗುವವರ ಮಾತೇ ಬೇರೆ. ವಾರ್ಫರಿನ್ ಎಂಬ ಆ ಗುಳಿಗೆಯ ಚರಿತ್ರೆ ವಿಚಿತ್ರವಾದುದು. ಕೆಟ್ಟ ಮೇವು ತಿಂದ ಅಮೆರಿಕದ ದನಗಳು ರಕ್ತ ಸೋರಿ ಸತ್ತದ್ದರಿಂದ ಮೊದಲಾದ ಶೋಧ, 1948ರಲ್ಲಿ ಇಲಿಪಾಷಾಣವನ್ನು ಕೊಟ್ಟಿತು; 1954ರ ಹೊತ್ತಿಗೆ ಅದೇ ವಸ್ತು ಮನುಷ್ಯರಿಗೆ ಔಷಧವಾಯಿತು! ಅದು ಉಳಿಸಿದ ಜೀವಗಳು ಅಸಂಖ್ಯ. ಆದರೂ ಅಪರೂಪಕ್ಕೊಮ್ಮೆ, ಪೆಟ್ಟೊಂದೂ ಬೀಳದೆಯೇ, ಬೆನ್ನೆಲುಬಿನ ಕೊಳವೆಯೊಳಗೆ ರಕ್ತ ಒಸರುವುದುಂಟು. ಮೂಳೆಯ ಗೂಡು ಹಿಗ್ಗದು. ತುಂಬಿಕೊಂಡ ರಕ್ತ ಬೆನ್ನುಹುರಿಯನ್ನೇ ಅದುಮುತ್ತದೆ.

ಮೊದಲ ಕೆಲವು ಗಂಟೆ ಬರಿಯ ನೋವು. ಕೆಲವೊಮ್ಮೆ ಅದು ಕಾಲಿಗೂ ಇಳಿಯುತ್ತದೆ. ನುರಿತ ವೈದ್ಯರೂ ಡಿಸ್ಕ್ ಎಂದು ಮೋಸಹೋಗುವುದು ಇಲ್ಲಿಯೇ. ಆ ಭ್ರಮೆಯಲ್ಲಿ ಕೊಟ್ಟ ನೋವಿನ ಗುಳಿಗೆ ರಕ್ತಸ್ರಾವವನ್ನು ಹೆಚ್ಚಿಸಬಹುದು. ಬೆನ್ನಿಗೆ ಚುಚ್ಚಿದ ಸೂಜಿಯಂತೂ ಹೊಸ ಗಾಯವನ್ನೇ ಮಾಡೀತು. ಎಕ್ಸರೆಯಲ್ಲಿ ರಕ್ತ ಕಾಣದು, ಎಂಆರ್‌ಐ ಬೇಕು. ಆದರೆ ಸೊಂಟ ಹಿಡಿದವರಿಗೆಲ್ಲ ಅದನ್ನು ಮಾಡಿಸುವುದು ಯಾರಿಗೆ ಸಾಧ್ಯ?

ಸುಳಿವು ಇರುವುದು ರೋಗಿಯ ಮಾತಿನಲ್ಲಿ. ಇರಿದಂತೆ ಥಟ್ಟನೆ ಎದ್ದ ನೋವು, ಅದರ ಬೆನ್ನಿಗೇ ಕಾಲುಗಳಲ್ಲಿ ಜೋಮು, ನಿಲ್ಲಲಾಗದ ಸೋಲು, ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು: ಗುಳಿಗೆ ನುಂಗುವವರಲ್ಲಿ ಇವು ಕಂಡವೆಂದರೆ ಬೆಳಗಾಗಲೆಂದು ಕಾಯುವಂತಿಲ್ಲ. ಕಾಲುಗಳ ಶಕ್ತಿ ಪೂರ್ತಿ ಹೋಗುವ ಮೊದಲೇ, ಸುಮಾರು ಹನ್ನೆರಡು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಿಂದ ಆ ರಕ್ತವನ್ನು ತೆಗೆದರೆ ಮತ್ತೆ ನಡೆಯುವ ಆಸೆ ಹೆಚ್ಚು. ಹಳ್ಳಿಯಿಂದ ಹೊರಟು, ವಾಹನ ಹುಡುಕಿ, ರಾಯಚೂರು ಸೇರಿ, ಪರೀಕ್ಷೆ ಮುಗಿಸುವಷ್ಟರಲ್ಲಿ ಅದರಲ್ಲಿ ಎಷ್ಟು ಉಳಿದೀತು ಎಂಬುದನ್ನು ಮನೆಯವರೇ ಲೆಕ್ಕಹಾಕಿಕೊಳ್ಳಬಹುದು.

ಹೆದರಿ ಗುಳಿಗೆಯನ್ನು ತಾವಾಗಿ ಬಿಟ್ಟವರ ಪಾಡೂ ಸುಖದ್ದಲ್ಲ. ಹೊಸ ಕವಾಟದಲ್ಲಿಯೇ ರಕ್ತ ಹೆಪ್ಪುಗಟ್ಟೀತು. ಔಷಧದ ಪರಿಣಾಮವನ್ನು ಅಳೆಯುವ ಐಎನ್‌ಆರ್ ಪರೀಕ್ಷೆಯ ಚೀಟಿ ಎಷ್ಟೋ ಮನೆಗಳಲ್ಲಿ ಕಪಾಟಿನ ತಳ ಸೇರಿರುತ್ತದೆ. ಸೊಂಟ ನೋವೆಂದು ಹೊಸ ವೈದ್ಯರ ಮುಂದೆ ಕುಳಿತಾಗ ಮೊದಲು ಮೇಜಿನ ಮೇಲಿಡಬೇಕಾದುದು ಆ ಚೀಟಿಯನ್ನು.