ಜನವರಿ 12: ಸೋಲಾಪುರದ ನಾಲ್ಕು ಹೆಸರು

ಸೋಲಾಪುರ ಅಂದರೆ ನಮ್ಮ ಕಡೆ ಚಾದರ ಮಾತ್ರ ನೆನಪಾಗುತ್ತೆ. ಚಾದರ ನೇಯುವ ಆ ಊರಿಗೆ ಜನವರಿ 12 ಮರೆಯಲಾಗದ ದಿನ. 1931ರ ಆ ದಿನ ಪುಣೆಯ ಯೆರವಡಾ ಜೈಲಿನಲ್ಲಿ ಬ್ರಿಟಿಷರು ಸೋಲಾಪುರದ ನಾಲ್ವರನ್ನು ಗಲ್ಲಿಗೇರಿಸಿದರು: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ.

1930ರ ಮೇ 5ರಂದು ಗಾಂಧೀಜಿಯ ಬಂಧನವಾಯಿತು. ಸೋಲಾಪುರದಲ್ಲಿ ಮಿಲ್ ಕಾರ್ಮಿಕರು ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು. ಊರು ಸರಕಾರದ ಕೈತಪ್ಪಿತು. ಮಾರ್ಷಲ್ ಲಾ ಬಂತು. ಪೊಲೀಸರ ಕೊಲೆಯ ಆರೋಪ ಈ ನಾಲ್ವರ ತಲೆಗೆ ಬಿತ್ತು.

ಕುರ್ಬಾನ್ ಹುಸೇನ್ 'ಗಜನ್ಫರ್' ಪತ್ರಿಕೆ ನಡೆಸುತ್ತಿದ್ದ ತರುಣ. "ಸ್ವಾತಂತ್ರ್ಯಕ್ಕೆ ನಿಮ್ಮವರು ಏನು ಮಾಡಿದ್ದಾರೆ?" ಎಂದು ಕೇಳುವವರಿಗೆ ಅವರ ಫೋಟೊ ಸ್ಟೇಟಸ್ ಹಾಕಿ ಉತ್ತರ ಕೊಡಬಹುದು. ತಪ್ಪಲ್ಲ. ಆದರೆ ಅವರೊಬ್ಬರನ್ನೇ ಬೇರೆ ತೆಗೆದಿಟ್ಟರೆ, ಚರಿತ್ರೆಯನ್ನು ಪಾಲು ಮಾಡುವವರ ಕೆಲಸವನ್ನೇ ನಾವೂ ಮಾಡಿದ ಹಾಗೆ. ಧನಶೆಟ್ಟಿಯವರ ಹೆಸರು ಬಿಟ್ಟು ಕುರ್ಬಾನ್ ಹುಸೇನರ ಕಥೆ ಪೂರ್ತಿಯಾಗಲ್ಲ, ಅವರನ್ನು ಬಿಟ್ಟು ಇವರದ್ದೂ ಆಗಲ್ಲ.

ಅಕ್ಕಲಕೋಟೆ, ಸೋಲಾಪುರ ಕಡೆ ವ್ಯಾಪಾರಕ್ಕೆ ಹೋಗುವ ಹುಡುಗರು ಒಮ್ಮೆ ಹುತಾತ್ಮ ಚೌಕಕ್ಕೆ ಹೋಗಿ ಬನ್ನಿ. ಅಲ್ಲಿ ನಾಲ್ವರೂ ಒಟ್ಟಿಗೇ ನಿಂತಿದ್ದಾರೆ. ಮುಂದಿನ ಜನವರಿ 12ಕ್ಕೆ ನಮ್ಮ ಸ್ಟೇಟಸ್‌ನಲ್ಲೂ ಹಾಗೆಯೇ ನಿಲ್ಲಲಿ.