ನಾಲ್ಕು ಎಕರೆ ಹೊಲಕ್ಕೆ ಹದಿನಾಲ್ಕು ಗುಂಟೆ ಎಲ್ಲಿಂದ ಬಂತು?

ಸುರಪುರದ ನಮ್ಮ ಗೆಳೆಯನ ಅಣ್ಣ ಎರಡು ಡ್ರೋನ್ ಇಟ್ಟುಕೊಂಡು ಭತ್ತ, ಹತ್ತಿ, ತೊಗರಿ ಹೊಲಗಳಿಗೆ ಎಣ್ಣೆ ಹೊಡೆಯುವ ಕೆಲಸ ಮಾಡ್ತಾರೆ. ಬಾಡಿಗೆ ಎಕರೆ ಲೆಕ್ಕ. ಹೋದ ರಜೆಯಲ್ಲಿ ನಾವು ಮೂವರು, ಯಾದಗಿರಿ, ಶಹಾಪುರ, ಸುರಪುರದಿಂದ ಒಬ್ಬೊಬ್ಬರು, ಹೊಲಗಳ ನಕ್ಷೆ ಮಾಡಿಕೊಡ್ತೀವಿ ಅಂತ ಲ್ಯಾಪ್‌ಟಾಪ್ ಹಿಡ್ಕೊಂಡು ಹೋದೆವು. ಕ್ಯುಜಿಐಎಸ್ ತೆರೆದು, ಉಪಗ್ರಹ ಚಿತ್ರದ ಮೇಲೆ ಬದು ಹಿಡಿದು ಗೆರೆ ಎಳೆದೆವು. ಕ್ಷೇತ್ರಫಲ ಬಂತು, ಬಿಲ್ ಆಯ್ತು.

ಶಹಾಪುರ ಕಡೆಯ ರೈತರೊಬ್ಬರು ಚೀಟಿ ನೋಡಿ ಕೇಳಿದರು: "ತಮ್ಮಾ, ನಮ್ಮ ಹೊಲ ನಾಕ ಎಕರೆ. ಪಹಣ್ಯಾಗೂ ಅಷ್ಟೇ ಅದ. ನಿಮ್ಮ ಕಂಪ್ಯೂಟರ್ ಮ್ಯಾಲಿನ ಹದಿನಾಕ ಗುಂಟೆ ಎಲ್ಲಿಂದ ತಂತು?"

ನಮ್ಮ ಬಳಿ ಉತ್ತರ ಇರಲಿಲ್ಲ. ಅಣ್ಣನವರು, "ಪುಕ್ಕಟೆ ಸಾಫ್ಟ್‌ವೇರ್ ಹಂಗೇ ಬಿಡ್ರಪಾ, ದೊಡ್ಡ ಕಂಪನೀದು ತರೋಣ" ಅಂದರು. ಅದರ ಕ್ರ್ಯಾಕ್ ಮಾಡಿದ ಪ್ರತಿ ಪೆನ್‌ಡ್ರೈವ್‌ನಲ್ಲಿ ಕೊಡಲು ಒಬ್ಬರು ತಯಾರೂ ಇದ್ದರು.

ರಾತ್ರಿ ಕೂತು ಹುಡುಕಿದಾಗ ತಿಳೀತು, ತಪ್ಪು ಸಾಫ್ಟ್‌ವೇರ್‌ದಲ್ಲ, ನಮ್ಮದು. ಆನ್‌ಲೈನ್ ನಕ್ಷೆಗಳು ಸಾಮಾನ್ಯವಾಗಿ ಬಳಸುವ ವೆಬ್ ಮರ್ಕೇಟರ್ ಪ್ರಕ್ಷೇಪದಲ್ಲೇ ನಾವು ಗೆರೆ ಎಳೆದಿದ್ದೆವು. ಅದು ಸಮಭಾಜಕ ವೃತ್ತದಿಂದ ದೂರ ಹೋದಂತೆಲ್ಲ ನೆಲವನ್ನು ಹಿಗ್ಗಿಸಿ ತೋರಿಸುತ್ತದೆ. ನಮ್ಮ ಕಡೆ ಅಕ್ಷಾಂಶ ಸುಮಾರು 16.7 ಡಿಗ್ರಿ. ಇಲ್ಲಿ ಕ್ಷೇತ್ರಫಲ ಶೇ. 9ರಷ್ಟು ಜಾಸ್ತಿ ಬರುತ್ತದೆ. ಎಕರೆಗೆ 40 ಗುಂಟೆಯಾದರೆ, 4 ಎಕರೆಗೆ 14 ಗುಂಟೆ! ಕ್ಯುಜಿಐಎಸ್‌ನಲ್ಲಿ ಭೂಮಿಯ ದುಂಡಗಿನ ಆಕಾರ ಲೆಕ್ಕಕ್ಕೆ ಹಿಡಿದು ಅಳೆಯುವ ಸೂತ್ರವೂ ಇದೆ, ಚಪ್ಪಟೆ ಹಾಳೆಯಂತೆ ಅಳೆಯುವ ಸೂತ್ರವೂ ಇದೆ. ನಾವು ಎರಡನೆಯದನ್ನು ಒತ್ತಿದ್ದೆವು. ಅವೇ ಗೆರೆಗಳನ್ನು ಯುಟಿಎಂ 43 ಉತ್ತರ ವಲಯಕ್ಕೆ ಬದಲಿಸಿದ ಮೇಲೆ ನಾಲ್ಕು ಎಕರೆಯೇ ಬಂತು. ಪೂರ್ವ ರೇಖಾಂಶ 72ರಿಂದ 78 ಡಿಗ್ರಿವರೆಗಿನ ಈ ವಲಯದೊಳಗೆ ನಮ್ಮ ಮೂರೂ ಊರು ಬರ್ತಾವೆ.

ಲಕ್ಷಗಟ್ಟಲೆ ಕೊಟ್ಟು ತಂದ ಸಾಫ್ಟ್‌ವೇರ್‌ಗೂ ಅದೇ ಪ್ರಕ್ಷೇಪ ಕೊಟ್ಟು, ಚಪ್ಪಟೆ ಲೆಕ್ಕ ಕೇಳಿದ್ದರೆ ಅದೇ ಹದಿನಾಲ್ಕು ಗುಂಟೆ ಬರ್ತಿತ್ತು. ಅದಕ್ಕೇ ನಾವು ಹೇಳೋದು: ಸಣ್ಣ ಉದ್ಯಮಕ್ಕೆ ವೃತ್ತಿಪರ ನಕ್ಷೆ ಸಾಫ್ಟ್‌ವೇರ್ ದುಬಾರಿ ಅನ್ನೋದು ಅರ್ಧ ಸುಳ್ಳು. ಕ್ಯುಜಿಐಎಸ್ ಅನ್ನು 2002ರಲ್ಲಿ ಗ್ಯಾರಿ ಶೆರ್ಮನ್ ಶುರು ಮಾಡಿದರು. ವ್ಯಾಪಾರಕ್ಕೆ ಬಳಸಿದರೂ ಅದಕ್ಕೆ ಪೈಸೆ ಕೊಡಬೇಕಿಲ್ಲ. ನಮ್ಮಲ್ಲಿ ಕಮ್ಮಿ ಇರೋದು ಅದನ್ನು ಅರ್ಥ ಮಾಡಿಕೊಂಡು ಬಳಸುವವರು.

ದುಡ್ಡಿನ ಸಾಫ್ಟ್‌ವೇರ್ ಬೇಡವೇ ಬೇಡ ಅಂತಲ್ಲ. ಕೆಟ್ಟರೆ ಫೋನ್ ಮಾಡಿ ಕೇಳಲು ಅಲ್ಲಿ ಜನ ಇರ್ತಾರೆ. ದೊಡ್ಡ ಗುತ್ತಿಗೆದಾರರು ಅದೇ ನಮೂನೆಯ ಕಡತ ಕೇಳಿದರೆ ಕೊಳ್ಳಲೇಬೇಕು. ಆದರೆ ಎಕರೆ ಲೆಕ್ಕದ ಬಿಲ್ ಬರೆಯಲು ಕದ್ದ ಪ್ರತಿ ಯಾಕೆ? ಹಾಗೇ ಇನ್ನೊಂದು ಮಾತು. ಹದ್ದುಬಸ್ತಿನ ತಕರಾರಿಗೆ ಇದ್ಯಾವುದೂ ನಡೆಯಲ್ಲ, ಅದಕ್ಕೆ ಸರ್ವೆ ಇಲಾಖೆಯ ಅಳತೆಯೇ ಬೇಕು.

ನಮಗೆ ಹೆಚ್ಚು ಚುಚ್ಚಿದ್ದು ಬೇರೆ. ಪ್ರಕ್ಷೇಪದ ಪಾಠ ನಾವು ಪರೀಕ್ಷೆಗೆ ಬರೆದಿದ್ದೆವು, ಅಂಕವೂ ಬಂದಿತ್ತು. ಆದರೆ ಅದು ಒಬ್ಬರ ಬಿಲ್‌ನಲ್ಲಿ ಗುಂಟೆಯಾಗಿ ಕೂರುತ್ತದೆ ಅಂತ ಹೊಳೆದಿರಲಿಲ್ಲ. ಎರಡು ಎಕರೆಯವರಿಗೆ ಏಳು ಗುಂಟೆ ಜಾಸ್ತಿಯಾಗಿತ್ತು. ಅವರ್ಯಾರೂ ಕೇಳಲೇ ಇಲ್ಲ. ಕಂಪ್ಯೂಟರ್ ಹೇಳಿದ ಮೇಲೆ ಸರಿ ಇರಬೇಕು ಅಂತ ದುಡ್ಡು ಕೊಟ್ಟಿದ್ದರು.

ಬರುವ ಸೆಮಿಸ್ಟರ್‌ನಲ್ಲಿ ಕನ್ನಡ ಸಂಘದಿಂದ ನಾಲ್ಕು ಪುಟದ ಕೈಪಿಡಿ ಮಾಡೋಣ: ಬದು ಗುರುತಿಸೋದು ಹೇಗೆ, ವಲಯ ಆರಿಸೋದು ಹೇಗೆ, ಚದರ ಮೀಟರ್‌ನಿಂದ ಎಕರೆ-ಗುಂಟೆ ಮಾಡೋದು ಹೇಗೆ. ಸಿವಿಲ್‌ನವರು ಬರೀರಿ, ಕಂಪ್ಯೂಟರ್ ಸೈನ್ಸ್‌ನವರು ಪರೀಕ್ಷಿಸ್ರಿ. ಊರಲ್ಲಿ ಡ್ರೋನ್, ಭತ್ತ ಕಟಾವು ಯಂತ್ರ ಇಟ್ಟವರಿಗೆ ಕೊಟ್ಟು ಬರೋಣ.

ಅಣ್ಣನವರು ಆ ವಾರದ ಎಲ್ಲ ಬಿಲ್ ತಿದ್ದಿ, ಹೆಚ್ಚಿಗೆ ತಗೊಂಡ ದುಡ್ಡು ವಾಪಸ್ ಕೊಟ್ಟು ಬಂದರು. ಮೂರು ದಿನ ಬೈಕ್ ಮೇಲೆ ಅವರ ಹಿಂದೆ ತಿರುಗಿದ್ದು ನಾವೇ. ಈಗ ಅವರು ನಕ್ಷೆ ಮಾಡಿದ ಮೇಲೂ ಮೊದಲು, "ಪಹಣ್ಯಾಗ ಎಷ್ಟ ಅದರಿ?" ಅಂತ ಕೇಳ್ತಾರೆ. ಎರಡೂ ಕೂಡದಿದ್ದರೆ ಬಿಲ್ ಬರೆಯಲ್ಲ.